ಇನ್ನೊಂದು ಟ್ರಯಲ್

ಸೋಮವಾರ ಬೆಳಿಗ್ಗೆ ಡಾಕ್ಟರಮ್ಮ ಸುತ್ತಿಬಳಸದೆ ಹೇಳಿಬಿಟ್ಟರು. ಎಡಗಾಲು ಉಳಿಯುವುದಿಲ್ಲ. ಇವತ್ತೋ ನಾಳೆಯೋ ತೆಗೆದರೆ ಮಂಡಿಯ ಕೆಳಗೆ ತೆಗೆಯಬಹುದು. ಮಂಡಿಯೊಂದು ಉಳಿದರೆ ಕೃತಕ ಕಾಲು ಹಾಕಿಕೊಂಡು ನಡೆಯಬಹುದು, ಮೆಟ್ಟಿಲು ಹತ್ತಬಹುದು, ಅಭ್ಯಾಸವಾದರೆ ಕ್ಲಚ್ ಕೂಡ ತುಳಿಯಬಹುದು. ವಾರ ಕಳೆದರೆ ಮಂಡಿಯ ಮಾತು ಹಾಗಿರಲಿ, ಪ್ರಾಣದ ಮಾತಾಡಬೇಕಾಗುತ್ತದೆ. ಇಷ್ಟು ಹೇಳಿ ಒಪ್ಪಿಗೆ ಪತ್ರವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿ, ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಟೈಲರನ ಹೆಂಡತಿ ಪೆನ್ನು ತೆಗೆದುಕೊಂಡಳು. ಪತ್ರವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ಸು ಕೊಟ್ಟಳು.

"ನನ್ನ ಗಾಡೀನ ಒಂದು ಸಲ ಓಡಿಸ್ಬೇಕು. ಆಮೇಲೆ ಸೈನ್ ಹಾಕ್ತೀನಿ."

"ಅಮ್ಮಾ, ಇದು ಆಟ ಅಲ್ಲ," ಎಂದರು ಡಾಕ್ಟರಮ್ಮ.

"ನಾನೂ ಆಟ ಆಡ್ತಿಲ್ಲ."

ಡಾಕ್ಟರಮ್ಮ ಗಾಲಿಕುರ್ಚಿಯ ಹಿಂದೆ ನಿಂತಿದ್ದ ಟೈಲರನ ಮುಖ ನೋಡಿದರು. ನೀವಾದರೂ ಹೇಳಿ ಎನ್ನುವ ನೋಟ ಅದು. ಟೈಲರ್ ಏನು ಹೇಳುತ್ತಾನೆ, ಪಾಪ. ಅವನ ಬಾಯಲ್ಲಿ 'ಆಗಲ್ಲ' ಎಂಬ ಮಾತು ಹುಟ್ಟಿದ್ದೇ ಇಲ್ಲ. ಮೂವತ್ತು ವರ್ಷದಿಂದ ಅವನ ಅಂಗಡಿಗೆ ಬಂದವರು ತೋಳು ಬಿಗಿ ಎಂದರೆ ಹೂಂ ಎಂದಿದ್ದಾನೆ, ಮರುದಿನ ಅದೇ ತೋಳು ಸಡಿಲ ಎಂದರೂ ಹೂಂ ಎಂದಿದ್ದಾನೆ. ಈಗಲೂ ಹೂಂ ಎಂದ. ಕುರ್ಚಿ ತಳ್ಳಿಕೊಂಡು ಹೊರಗೆ ಬಂದ.

ಅವಳನ್ನು ಎಲ್ಲರೂ ಮೇಡಂ ಎಂದೇ ಕರೆಯುವುದು. ಇಪ್ಪತ್ತೆರಡು ವರ್ಷ ಡ್ರೈವಿಂಗ್ ಕಲಿಸಿದವಳು. ಸುತ್ತಮುತ್ತ ಕಾರು ಓಡಿಸುವವರಲ್ಲಿ ಅರ್ಧ ಜನ ಇವತ್ತಿಗೂ ತಿರುವಿನಲ್ಲಿ ವೇಗ ಇಳಿಸುವುದು ಪೊಲೀಸಿನವರಿಗೆ ಹೆದರಿ ಅಲ್ಲ, ಅವಳ ಬೈಗುಳ ನೆನೆಸಿಕೊಂಡು. ಅವಳ ಕೈಯಲ್ಲಿ ಕಲಿಯದೆ ಉಳಿದವನು ಒಬ್ಬನೇ, ಅವಳ ಗಂಡ. ಮೂರು ತಿಂಗಳು ಹೆಣಗಿ ಕೈಬಿಟ್ಟಿದ್ದಳು. "ಎದುರಿಗೆ ನಾಯಿ ಬಂದ್ರೆ ನೀನು ನಾಯಿಗೆ ದಾರಿ ಬಿಡ್ತೀಯ. ನಾಯಿ ನಿನಗೆ ದಾರಿ ಬಿಡುತ್ತೆ. ಇಬ್ರೂ ಸಾಯಂಕಾಲದ ತನಕ ನಿಂತಿರ್ತೀರಿ," ಎಂದು ಕೈಮುಗಿದುಬಿಟ್ಟಿದ್ದಳು.

ಅವಳ ಗಾಡಿ ಎಂದರೆ ಡ್ರೈವಿಂಗ್ ಶಾಲೆಯ ಗಾಡಿ ಅಲ್ಲ. ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ಮುಟ್ಟುವಷ್ಟು ಗಿಡ್ಡನೆಯ, ಇಬ್ಬರೇ ಕೂರಬಹುದಾದ ಹಳೆಯ ಸ್ಪೋರ್ಟ್ಸ್ ಕಾರು. ಮಡಚುವ ಬಟ್ಟೆಯ ಮಾಡು. ಮದುವೆಗೆ ಮುಂಚೆ ಗುಜರಿಯಲ್ಲಿ ಮೂಗು ಜಜ್ಜಿಕೊಂಡು ಬಿದ್ದಿದ್ದನ್ನು ತಂದು, ತಾನೇ ಮೇಲೆ ನಿಂತು ರಿಪೇರಿ ಮಾಡಿಸಿಕೊಂಡಿದ್ದಳು. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಶುರುವಾದ ಮೇಲೆ, ಎರಡು ವರ್ಷದಿಂದ, ಅದು ಹಿತ್ತಲಿನ ತಗಡಿನ ಮಾಡಿನಡಿ ಟಾರ್ಪಾಲು ಹೊದ್ದುಕೊಂಡು ಮಲಗಿತ್ತು.

ಮಧ್ಯಾಹ್ನ ಟಾರ್ಪಾಲು ಎಳೆದಾಗ ಟೈಲರನಿಗೆ ಕೈಕಾಲು ಆಡಲಿಲ್ಲ. ಇಲಿಗಳು ಒಂದು ಸೀಟಿನ ಹೊಟ್ಟೆ ಬಗೆದು ಸಂಸಾರ ಹೂಡಿ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ, ಮನೆ ಖಾಲಿ ಮಾಡಿಕೊಂಡು ಹೋಗಿದ್ದವು. ಸ್ಟೀರಿಂಗ್ ಮುಟ್ಟಿದರೆ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು. ಗೇರ್ ಹಿಡಿಯ ಚರ್ಮ ಸುಲಿದಿತ್ತು, ಅದರ ಬುಡದ ಚೀಲ ಹರಿದು ಒಳಗಿನ ಕಬ್ಬಿಣ ಕಾಣುತ್ತಿತ್ತು. ಹಿಂಬದಿಗಿದ್ದ ಗಾಡಿಯ ಹೆಸರಿನ ಅಕ್ಷರಗಳಲ್ಲಿ ಮೂರು ಉದುರಿದ್ದವು. ಒಂದೇ ಸಮಾಧಾನವೆಂದರೆ ಇಂಜಿನ್. ಎದುರು ಬೀದಿಯಲ್ಲಿ ಕಾರಿನ ಅಲಂಕಾರದ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದ ಸ್ಟಿಕ್ಕರ್, ಅವಳ ಹಳೆಯ ಶಿಷ್ಯ, ಪ್ರತಿ ಭಾನುವಾರ ತಪ್ಪದೆ ಬಂದು ಅದನ್ನು ಹತ್ತು ನಿಮಿಷ ಎಬ್ಬಿಸಿ ಮಲಗಿಸಿ ಹೋಗುತ್ತಿದ್ದ. ತನ್ನ ಸ್ಕೂಟರಿನ ಸ್ಟ್ಯಾಂಡಿಗೂ ಸ್ಟಿಕ್ಕರ್ ಅಂಟಿಸಿಕೊಂಡಿದ್ದ ಆಸಾಮಿ, ಅದಕ್ಕೇ ಆ ಹೆಸರು.

"ಇಂಜಿನ್ ಗಡಿಯಾರ ಇದ್ದ ಹಾಗಿದೆ," ಎಂದ ಸ್ಟಿಕ್ಕರ್. "ಈಗ್ಲೇ ಓಡಿಸ್ಬಹುದು ಮೇಡಂ."

ಅವಳ ಮಂಚವನ್ನು ಹಿತ್ತಲಿನ ಕಿಟಕಿಗೆ ಎಳೆದು ಹಾಕಿದ್ದರು. ಅಲ್ಲಿಂದಲೇ ಕೂಗಿದಳು. "ಹೀಗೆ ಹರಕು ಉಟ್ಕೊಂಡು ನನ್ನ ಗಾಡಿ ಬೀದಿಗೆ ಬರಲ್ಲ. ಮೊದಲು ಅದಕ್ಕೆ ಮೈತುಂಬ ಬಟ್ಟೆ ಆಗ್ಲಿ. ಗಂಡ ಟೈಲರ್ ಆಗಿದ್ದು ಯಾತಕ್ಕೆ?"

ಲೈಸೆನ್ಸಿನ ಹಳೆಯ ಅರ್ಜಿಯೊಂದರ ಹಿಂಬದಿಯಲ್ಲಿ ಪಟ್ಟಿ ಬರೆದಳು. ಸೀಟಿಗೆ ಹೊಸ ಹೊದಿಕೆ. ಸ್ಟೀರಿಂಗಿಗೆ ಚರ್ಮದ ಸುತ್ತು. ಗೇರಿಗೆ ಹಿಡಿ. ಅದರ ಬುಡಕ್ಕೆ ಚೀಲ. ಕಾಲಡಿಗೆ ಚಾಪೆ. ಬಾಗಿಲ ಹೊಸ್ತಿಲಿಗೆ ಉಕ್ಕಿನ ಪಟ್ಟಿ. ಹಿಂದೆ ಹೆಸರಿನ ಫಲಕ. ಏಳು ಸಾಲು, ಚೌಕಚೌಕ ಅಕ್ಷರ. ಟೈಲರ್ ಪಟ್ಟಿಯನ್ನು ಎರಡು ಸಲ ಓದಿ, ಎರಡು ದಿನದ ಕೆಲಸ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬುಧವಾರ ಬೆಳಿಗ್ಗೆ ಒಂದು ಸುತ್ತು, ಬುಧವಾರ ಮಧ್ಯಾಹ್ನ ಆಸ್ಪತ್ರೆ. ಅವನ ಎದೆಯ ಭಾರ ಒಂದಿಷ್ಟು ಇಳಿಯಿತು. ಮಾಡುವುದಕ್ಕೆ ಕೆಲಸ ಸಿಕ್ಕರೆ ಗಂಡಸರಿಗೆ ದುಃಖ ಮರೆಯುತ್ತದೆ, ಅದೊಂದು ಅವರ ಪುಣ್ಯ.

ಅವಳ ತಂಗಿ, ಟೈಲರನ ನಾದಿನಿ, ನರ್ಸು. ದಿನಕ್ಕೆರಡು ಸಲ ಬಂದು ಇಂಜೆಕ್ಷನ್ ಕೊಟ್ಟು ಗಾಯದ ಪಟ್ಟಿ ಬದಲಾಯಿಸುವ ಕೆಲಸ ಅವಳದು. ಸೋಮವಾರ ಸಂಜೆ ಅವಳು ಅಕ್ಕನ ಕಾಲಿನ ಮೇಲೆ, ಕೆಂಪು ಎಲ್ಲಿಗೆ ಮುಗಿದಿತ್ತೋ ಅಲ್ಲಿ, ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆದಳು. ಪಾದದ ಹರಡು ದಾಟಿ ಮೂರು ಬೆರಳು ಮೇಲಿತ್ತು.

"ಇದನ್ನ ದಾಟಿದ್ರೆ ನನಗೆ ಹೇಳಿ ಭಾವ," ಎಂದಳು.

ಟೈಲರ್ ಸ್ಟಿಕ್ಕರನ ಜೊತೆ ಸೇರಿ ಸೀಟು ಬಿಚ್ಚಿ ಮನೆಯ ಮುಂದಿನ ತನ್ನ ಅಂಗಡಿಯೊಳಗೆ ತಂದ. ಹಳೆಯ ಹೊದಿಕೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ತುಂಡುಗಳನ್ನು ಮೇಜಿನ ಮೇಲೆ ಹರಡಿ, ಅವನ್ನೇ ಅಳತೆಗೆ ಇಟ್ಟುಕೊಂಡು ಹೊಸ ಕಪ್ಪು ರೆಕ್ಸಿನ್ ಕತ್ತರಿಸಿದ. ಅಂಗಿ ಹೊಲಿಯುವ ಮಷೀನು ಅದನ್ನು ನುಂಗಲಾರದೆ ಸೂಜಿ ಮೂರು ಸಲ ಮುರಿಯಿತು. ದಪ್ಪ ಸೂಜಿ ಹಾಕಿ, ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಾ ಹೊಲಿದ.

ಇಲ್ಲಿ ಒಂದು ವಿಷಯ ಹೇಳಬೇಕು. ಯಾವ ಒಳ್ಳೆಯ ಟೈಲರೂ ಒಂದೇ ಸಲಕ್ಕೆ ಗಟ್ಟಿ ಹೊಲಿಗೆ ಹಾಕುವುದಿಲ್ಲ. ಮೊದಲು ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ, ಆಮೇಲೆ ಗಿರಾಕಿಗೆ ತೊಡಿಸಿ ಟ್ರಯಲ್, ಆಮೇಲೆ ಗಟ್ಟಿ ಹೊಲಿಗೆ. ಟ್ರಯಲ್ ಹೊತ್ತಿನಲ್ಲಿ ಅವನು ಚೆನ್ನಾಗಿದೆಯಾ ಎಂದು ಕೇಳುವುದಿಲ್ಲ. ಎಲ್ಲಿ ಹಿಡಿಯುತ್ತೆ ಎಂದು ಕೇಳುತ್ತಾನೆ. ಹಾಗೆ ಕೇಳಿಸಿಕೊಂಡ ಗಿರಾಕಿ ಏನಾದರೊಂದು ಹುಡುಕಿಯೇ ಹುಡುಕುತ್ತಾನೆ. ಅಂಗಿಯ ವಿಷಯದಲ್ಲಿ ಇದು ಸರಿ. ಕೊಳೆಯುತ್ತಿರುವ ಕಾಲಿನ ಹೆಂಗಸಿನ ಮುಂದೆ ಹೀಗೆ ಕೇಳಬಾರದು ಎಂದು ಅವನಿಗೆ ಹೊಳೆಯಲಿಲ್ಲ. ಕಸುಬಿನ ಚಾಳಿ, ಹೋಗುವುದಿಲ್ಲ.

ಮಂಗಳವಾರ ಸಂಜೆ ಸೀಟು ಕೂರಿಸಿ, ಅವಳನ್ನು ಇಬ್ಬರೂ ಹೆಗಲು ಕೊಟ್ಟು ಕರೆತಂದರು. ಡ್ರೈವರ್ ಸೀಟಿನಲ್ಲಿ ಕೂರಲು ಒಪ್ಪಲಿಲ್ಲ. ಓಡಿಸೋ ದಿನವೇ ಅಲ್ಲಿ ಕೂರೋದು ಎಂದು ಪಕ್ಕದ ಸೀಟಿನಲ್ಲಿ ಕೂತಳು.

"ಎಲ್ಲಿ ಹಿಡಿಯುತ್ತೆ?" ಎಂದ ಟೈಲರ್.

ಅವಳು ಬೆನ್ನು ಆಚೀಚೆ ಮಾಡಿದಳು. ಅಂಗೈಯಿಂದ ಸೀಟಿನ ಭುಜ ಸವರಿದಳು. "ಇಲ್ಲಿ ಅಂಚು ಸೊಟ್ಟಗಿದೆ. ಬಿಚ್ಚು. ಆಮೇಲೆ ಬಾಗಿಲ ಒಳಗಡೆಗೂ ಇದೇ ಬಟ್ಟೆ ಹಾಕಿದ್ರೆ ಒಂದಕ್ಕೊಂದು ಹೊಂದುತ್ತೆ." ಪಟ್ಟಿಗೆ ಎಂಟನೆಯ ಸಾಲು ಬಂತು.

"ಹೂಂ," ಎಂದ ಅವನು.

ಬುಧವಾರ ಸ್ಟಿಕ್ಕರ್ ಮೂರು ಬಗೆಯ ಗೇರ್ ಹಿಡಿ ತಂದ. ಉಕ್ಕಿನದು, ಕಪ್ಪು ಗುಂಡು, ಮರದ್ದು. ಅವಳು ಒಂದೊಂದನ್ನೂ ಕಣ್ಣು ಮುಚ್ಚಿ ಅಂಗೈಯಲ್ಲಿ ತಿರುಗಿಸಿದಳು. ಮರದ್ದನ್ನು ಆರಿಸಿದಳು. ತಿರುಪು ಹೊಂದಲಿಲ್ಲ, ನಡುವೆ ಸೇರಿಸುವ ತುಂಡಿಗಾಗಿ ಸ್ಟಿಕ್ಕರ್ ನಾಲ್ಕು ಅಂಗಡಿ ಅಲೆದ. ಅಷ್ಟರಲ್ಲಿ ಟೈಲರ್ ಸ್ಟೀರಿಂಗಿನ ಚರ್ಮ ಹೊಲಿಯಲು ಕೂತ. ಆ ಹೊಲಿಗೆ ಮಷೀನಿನದ್ದಲ್ಲ. ಎರಡು ಸೂಜಿ, ಒಂದೇ ದಾರ, ಚಕ್ರದ ಸುತ್ತ ಎದುರುಬದುರಾಗಿ ಎಳೆಯುತ್ತಾ ಹೋಗಬೇಕು. ಬೆರಳ ತುದಿಗಳು ಜರಡಿಯಾದವು. ಮುಗಿಸಿ ತೋರಿಸಿದಾಗ ಅವಳು, "ಕಪ್ಪು ದಾರ ಯಾಕೆ? ಗಾಡಿ ಕೆಂಪು, ದಾರ ಕೆಂಪಿರ್ಬೇಕು. ಗೇರಿನ ಚೀಲಕ್ಕೂ ಅಷ್ಟೇ," ಎಂದಳು.

ಅವನು ಬಿಚ್ಚಿದ. ಮತ್ತೆ ಕೂತ.

ಬುಧವಾರ ಮಧ್ಯಾಹ್ನ ಕಳೆದೇ ಹೋಯಿತು. ಸಂಜೆ ನಾದಿನಿ ಬಂದು ಗಾಯದ ಪಟ್ಟಿ ಬಿಚ್ಚಿದಾಗ ಕೋಣೆಯಲ್ಲಿ ವಾಸನೆ ತುಂಬಿತು. ಕಾಲಿನ ಕೆಂಪು, ಪೆನ್ನಿನ ಗೆರೆಯನ್ನು ನಾಲ್ಕು ಬೆರಳಷ್ಟು ದಾಟಿತ್ತು. ಅವಳು ಹೊಸ ಗೆರೆ ಎಳೆದಳು. ಮೇಡಂ ಅದನ್ನು ನೋಡಲಿಲ್ಲ, ಕಿಟಕಿಯಿಂದ ಹಿತ್ತಲು ನೋಡುತ್ತಾ, "ಹೊಸ್ತಿಲ ಪಟ್ಟಿ ಅಂಟಿಸೋ ಮುಂಚೆ ಸ್ಪಿರಿಟ್ ಹಾಕಿ ಒರೆಸೋಕೆ ಹೇಳು ಆ ಸ್ಟಿಕ್ಕರಿಗೆ," ಎಂದಳು.

ಗುರುವಾರ ಹೆಸರಿನ ಫಲಕದ ದಿನ. ಬೆಳ್ಳಿ ಬಣ್ಣದ ಅಕ್ಷರಗಳು, ಬೆನ್ನಿಗೆ ಎರಡು ಬದಿಯ ಅಂಟುಪಟ್ಟಿ. ಒಮ್ಮೆ ಅಂಟಿದರೆ ಅಂಟಿತು. ಸ್ಟಿಕ್ಕರ್ ಮೊದಲು ಕಾಗದದ ಟೇಪಿನಲ್ಲಿ ಗೆರೆ ಹಾಕಿ, ಅಳೆದು, ಉಸಿರು ಬಿಗಿಹಿಡಿದು ಅಂಟಿಸಿದ. ಟೇಪು ತೆಗೆದು ಹಿಂದೆ ಸರಿದು ನೋಡಿ ಸೊಂಟಕ್ಕೆ ಕೈ ಇಟ್ಟುಕೊಂಡ.

"ಎಡಗಡೆ ಇಳಿದಿದೆ," ಎಂದಿತು ಕಿಟಕಿ.

"ಇಲ್ಲ ಮೇಡಂ, ಅಳತೆ ಮಾಡೇ ಹಾಕಿದ್ದು."

"ನನ್ನ ಕಣ್ಣಿಗಿಂತ ನಿನ್ನ ಟೇಪು ದೊಡ್ಡದಾ?"

ಸ್ಟಿಕ್ಕರ್ ಸ್ಕೇಲು ಇಟ್ಟು ಮತ್ತೆ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಸ್ಕೇಲನ್ನು ಟೈಲರನಿಗೆ ತೋರಿಸಿದ. ಟೈಲರ್ ನೋಡಿದ, ಒಳಗೆ ಹೋಗಿ ಕೂದಲು ಒಣಗಿಸುವ ಯಂತ್ರವನ್ನೂ ಗುಂಡಿ ಹೊಲಿಯುವ ಮೇಣದ ದಾರವನ್ನೂ ತಂದ. ಫಲಕಕ್ಕೆ ಬಿಸಿಗಾಳಿ ಕೊಟ್ಟು, ಹಿಂದೆ ದಾರ ತೂರಿಸಿ, ಎರಡು ಕೈಯಲ್ಲೂ ಹಿಡಿದು ಗರಗಸದ ಹಾಗೆ ಎಳೆದ. ಅಂಟು ನೂಲುನೂಲಾಗಿ ಬಿಟ್ಟುಕೊಟ್ಟಿತು. ಹಳೆಯ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿ ಉಂಡೆ ಮಾಡಿ ತೆಗೆಯುವುದಕ್ಕೆ ಒಂದು ಗಂಟೆ ಹಿಡಿಯಿತು. ಹೊಸ ಅಂಟುಪಟ್ಟಿ ಹಾಕಿ, ಮೊದಲು ಎಲ್ಲಿತ್ತೋ ಅಲ್ಲಿಗೇ ಮತ್ತೆ ಅಂಟಿಸಿದರು.

"ಈಗ ಸರಿಯಾಯ್ತು ನೋಡು," ಎಂದಳು ಅವಳು. ಸ್ಟಿಕ್ಕರ್ ಮುಖ ಆ ಕಡೆ ತಿರುಗಿಸಿಕೊಂಡ.

ಪಟ್ಟಿಯಲ್ಲಿ ಹನ್ನೊಂದನೆಯ ಸಾಲು ಬಂತು. ಡ್ಯಾಶ್‌ಬೋರ್ಡಿಗೆ ಒಂದು ಪುಟ್ಟ ಗಡಿಯಾರ, ಮುಳ್ಳಿನದು.

ನಾದಿನಿ ಅವನನ್ನು ಅಂಗಡಿಯೊಳಗೆ ಕರೆದು ಬಾಗಿಲು ಹಾಕಿದಳು. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಭಾವ, ನಿಮಗೆ ಕಣ್ಣು ಕಾಣಲ್ವಾ? ಅಕ್ಕ ದಿನ ತಳ್ತಿದಾಳೆ. ಪಟ್ಟಿ ಮುಗಿಯೋದು ಅವಳಿಗೆ ಬೇಕಿಲ್ಲ. ನೀವು ನೋಡಿದ್ರೆ ದಾರ ಪೋಣಿಸಿ ಪೋಣಿಸಿ ಕೊಡ್ತಿದೀರಿ."

"ಒಂದು ಸುತ್ತು ಓಡಿಸಿದ್ರೆ ಸೈನ್ ಹಾಕ್ತೀನಿ ಅಂದಿದಾಳೆ ಕಣಮ್ಮ."

"ಯಾವಾಗ ಓಡಿಸ್ತಾಳೆ? ಗೆರೆ ಎಲ್ಲಿಗೆ ಬಂದಿದೆ ನೋಡಿದ್ರಾ? ಮೀನಖಂಡ ದಾಟ್ತಿದೆ. ಎತ್ತಿ ಹಾಕ್ಕೊಂಡು ಹೋಗೋಣ ನಡೀರಿ."

"ಬಲವಂತ ಮಾಡಿದ್ರೆ ಪೂರ್ತಿ ಬೇಡ ಅಂದುಬಿಡ್ತಾಳೆ. ನಿನಗೆ ಗೊತ್ತಲ್ಲ ಅವಳ ಹಟ."

"ಅವಳ ಹಟ ಗೊತ್ತು. ನಿಮ್ಮದೇನು ಅಂತ ಗೊತ್ತಾಗ್ತಿಲ್ಲ," ಎಂದು ಬಾಗಿಲು ತೆಗೆದು ಹೋದಳು.

ಟೈಲರ್ ಕತ್ತರಿಸುವ ಮೇಜಿನ ಮುಂದೆ ನಿಂತೇ ಇದ್ದ. ಅವನಿಗೇನು ಗೊತ್ತಿರಲಿಲ್ಲವೇ? ಮಂಗಳವಾರ ಅಲ್ಲದಿದ್ದರೂ ಬುಧವಾರ ಗೊತ್ತಾಗಿತ್ತು. ಕೆಂಪು ದಾರ ಕೇಳಿದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಕೂತು ಹೊಲಿದಿದ್ದ. ಯಾಕೆಂದರೆ ಅವನಿಗೂ ಅದೇ ಬೇಕಾಗಿತ್ತು. ಬದುಕಿಡೀ ಕತ್ತರಿ ಹಿಡಿದವನು ಅವನು, ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ ಎಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರು? ಹೊಲಿಯುತ್ತಿರುವಷ್ಟು ಹೊತ್ತು ಅವಳು ಇಡಿಯಾಗಿ ಕಿಟಕಿಯಲ್ಲಿ ಕೂತು ಬೈಯುತ್ತಿದ್ದಳು. ಆ ಬೈಗುಳ ಕೇಳುತ್ತಾ ಅವನು ಗೆರೆಯ ಕಡೆ ನೋಡುವುದನ್ನೇ ಬಿಟ್ಟಿದ್ದ. ಇದನ್ನು ಯೋಚಿಸಿದಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಚಪ್ಪಲಿ ಮೆಟ್ಟಿಕೊಂಡು ಗಡಿಯಾರ ಹುಡುಕಲು ಹೋದ. ಅದು ಸಿಗುವ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತಿದ್ದವು.

ಶುಕ್ರವಾರ ಬೆಳಿಗ್ಗೆ ಅವಳಿಗೆ ಜ್ವರ. ಎರಡು ಹೊದಿಕೆ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಕಾಲಿನ ಕೆಂಪು ಈಗ ಮಂಡಿಯ ಚಿಪ್ಪಿನವರೆಗೆ ಬಂದಿತ್ತು. ನಾದಿನಿ ಗೆರೆ ಎಳೆಯಲಿಲ್ಲ, ಪೆನ್ನನ್ನು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಫೋನ್ ಮಾಡಲು ಹೊರಗೆ ಹೋದಳು.

ಟೈಲರ್ ಹಿತ್ತಲಿಗೆ ಓಡಿದ. ಸ್ಟಿಕ್ಕರ್ ಗಡಿಯಾರದ ತಂತಿ ಸೇರಿಸುತ್ತಿದ್ದ. ಟೈಲರ್ ಕಾರಿನೊಳಗೆ ಮಂಡಿಯೂರಿ, ಸೀಟಿನಲ್ಲಿ, ಬಾಗಿಲಲ್ಲಿ, ಗೇರಿನ ಚೀಲದಲ್ಲಿ ಎಲ್ಲೆಲ್ಲಿ ಬಿಳಿ ಕಚ್ಚಾ ದಾರ ಉಳಿದಿತ್ತೋ ಅದನ್ನೆಲ್ಲ ಕಿತ್ತ. ಕೆಲವು ಕಡೆ ಗಟ್ಟಿ ಹೊಲಿಗೆ ಬಿದ್ದೇ ಇರಲಿಲ್ಲ, ಅಲ್ಲಿ ಬಟ್ಟೆ ಬಾಯಿಬಿಟ್ಟಿತು. ಬಿಡಲಿ ಎಂದುಕೊಂಡ. ಹುಟ್ಟಿದಾಗಿನಿಂದ ಅವನು ಅರೆಬರೆ ಕೆಲಸ ಕೊಟ್ಟವನಲ್ಲ.

ಒಳಗೆ ಬಂದು ಅವಳ ಮುಂದೆ ನಿಂತ. "ಏಳು. ಗಾಡಿ ಆಯ್ತು."

"ಗಡಿಯಾರ?"

"ಹಾಕಿದೀವಿ."

"ಟ್ರಯಲ್‌ಗೆ ಕರೀಲೇ ಇಲ್ಲ ನೀನು."

"ಟ್ರಯಲ್ ಎಲ್ಲ ಮುಗೀತು. ಬಾ, ಓಡಿಸು."

ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಹೊದಿಕೆ ಸರಿಸಿದಳು.

ಡ್ರೈವರ್ ಸೀಟಿನಲ್ಲಿ ಕೂರಿಸಿದಾಗ ಅವಳ ಮೈ ಕಾದ ಇಸ್ತ್ರಿಪೆಟ್ಟಿಗೆಯ ಹಾಗಿತ್ತು. ಬಲಗಾಲನ್ನು ತಾನೇ ಒಳಗಿಟ್ಟಳು. ಪಟ್ಟಿ ಸುತ್ತಿದ ಎಡಗಾಲನ್ನು ಎರಡು ಕೈಯಿಂದ ಮಂಡಿಯ ಕೆಳಗೆ ಹಿಡಿದೆತ್ತಿ ಒಳಗೆ ಇಳಿಬಿಟ್ಟಳು. ಹೊಸ ಸ್ಟೀರಿಂಗನ್ನು ಎರಡು ಅಂಗೈಯಲ್ಲೂ ಸವರಿದಳು. ಕೆಂಪು ದಾರದ ಮೇಲೆ ಬೆರಳಾಡಿಸಿದಳು.

"ಚೆನ್ನಾಗಿ ಹೊಲ್ದಿದೀಯ," ಎಂದಳು. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಅವಳು ಅವನ ಕೆಲಸವನ್ನು ಹೊಗಳಿದ್ದು ಇದೇ ಮೊದಲು. ಅವನಿಗೆ ಭಯವಾಯಿತು.

ಕೀಲಿ ತಿರುಗಿಸಿದಳು. ಇಂಜಿನ್ ಒಂದೇ ಏಟಿಗೆ ಎದ್ದಿತು. ಸ್ಟಿಕ್ಕರ್ ಗೇಟು ತೆಗೆದು ಬೀದಿಯಲ್ಲಿ ನಿಂತು ಬಾ ಬಾ ಎಂದು ಕೈಯಾಡಿಸಿದ. ಅವಳು ಮಂಡಿಯನ್ನು ಕೆಳಗೆ ಒತ್ತಿ, ಮರದ ಹಿಡಿಯನ್ನು ಮುಂದಕ್ಕೆ ತಳ್ಳಿದಳು. ಗೇರಿನ ಹಲ್ಲುಗಳು ಕರಕರ ಕಡಿದುಕೊಂಡವು. ಹಿಂದಕ್ಕೆ ಎಳೆದಳು. ಮತ್ತೆ ಮಂಡಿ ಒತ್ತಿದಳು, ಮತ್ತೆ ತಳ್ಳಿದಳು. ಇನ್ನೂ ಜೋರಾಗಿ ಕಡಿದವು. ಕಲಿಯುವವರು ಹೀಗೆ ಮಾಡಿದರೆ ಅವಳು ಅವರ ಕೈಮೇಲೆ ಬಾರಿಸುತ್ತಿದ್ದಳು.

ಆಗ ಅವಳು ತಲೆ ಬಗ್ಗಿಸಿ ಕಾಲು ನೋಡಿದಳು. ಇಪ್ಪತ್ತೆರಡು ವರ್ಷ ಸಾವಿರಾರು ಜನಕ್ಕೆ ಕಾಲು ನೋಡ್ಬೇಡ, ರಸ್ತೆ ನೋಡು ಎಂದು ಗಂಟಲು ಹರಿದುಕೊಂಡವಳು. ಟೈಲರನೂ ಬಗ್ಗಿ ನೋಡಿದ. ಅವಳ ಪಾದ ಕ್ಲಚ್ಚಿನ ಮೇಲೆ ಇರಲಿಲ್ಲ. ಪಕ್ಕದಲ್ಲಿ, ಹೊಸ ಚಾಪೆಯ ಮೇಲೆ ಬಿದ್ದಿತ್ತು. ಅವಳು ಅಷ್ಟು ಹೊತ್ತೂ ಒತ್ತಿದ್ದು ಚಾಪೆಯನ್ನು.

ಅವಳು ಕೀಲಿ ತಿರುಗಿಸಿ ಇಂಜಿನ್ ಆರಿಸಿದಳು.

"ಕ್ಲಚ್ ಮೇಲೇ ಇದೆ ಅಂದ್ಕೊಂಡಿದ್ದೆ," ಎಂದಳು.

"ಗೊತ್ತಾಗ್ಲಿಲ್ವಾ ನಿನಗೆ?"

"ಗೊತ್ತಾಗಲ್ಲ. ಹೋದ ತಿಂಗಳಿಂದ ಏನೂ ಗೊತ್ತಾಗ್ತಿಲ್ಲ. ಕಾಲಿದೆಯೋ ಇಲ್ವೋ ಅಂತ ನೋಡ್ಕೊಂಡೇ ನಡೀಬೇಕು."

"ಮತ್ತೆ ಓಡಿಸ್ತೀನಿ ಅಂದಿದ್ದು?"

ಅವಳು ಮರದ ಹಿಡಿಯಿಂದ ಕೈ ತೆಗೆದಳು. "ಓಡಿಸೋಕಾಗಲ್ಲ ಅಂತ ನನಗೆ ಸೋಮವಾರನೇ ಗೊತ್ತಿತ್ತು. ಓಡಿಸೋ ದಿನ ಬರದೇ ಇರ್ಲಿ ಅಂತ ಪಟ್ಟಿ ಬರೀತಾ ಹೋದೆ."

ನಾದಿನಿ ಓಡಿಬಂದಳು. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಎಂದಿದ್ದಾರೆ, ಅಷ್ಟು ಹೊತ್ತು ಕಾಯುವ ಹಾಗಿಲ್ಲ. ಸ್ಟಿಕ್ಕರ್ ಮೇಡಮ್ಮನನ್ನು ಪಕ್ಕದ ಸೀಟಿಗೆ ಎತ್ತಿ ಕೂರಿಸಿ ತಾನು ಸ್ಟೀರಿಂಗ್ ಹಿಡಿದ. ಕಾರಿನಲ್ಲಿ ಎರಡೇ ಸೀಟು. ಟೈಲರ್ ಐದು ದಿನ ಹಗಲೆಲ್ಲ ಕೂತು ಬಟ್ಟೆ ಹೊಲಿದ ಆ ಕಾರಿನಲ್ಲಿ ಅವನಿಗೆ ಜಾಗವಿರಲಿಲ್ಲ. ನಾದಿನಿಯ ಸ್ಕೂಟರಿನ ಹಿಂದೆ ಕೂತ. ಬೀದಿಯುದ್ದಕ್ಕೂ ಜನ ತಿರುಗಿ ನೋಡಿದರು, ಮೇಡಮ್ಮನ ಗಾಡಿ ಹೊರಗೆ ಬಂತಲ್ಲ ಎಂದು ಇಬ್ಬರು ಮೂವರು ಕೈಯೆತ್ತಿದರು. ಬಟ್ಟೆಯ ಮಾಡಿನ ಹಿಂದಿನ ಪುಟ್ಟ ಕಿಟಕಿಯಲ್ಲಿ ಅವಳ ತಲೆ ಒಂದು ಕಡೆ ವಾಲಿದ್ದು ಅವನಿಗೆ ಕಾಣುತ್ತಿತ್ತು. ಮೊದಲ ಸಿಗ್ನಲ್ಲಿನಲ್ಲಿ ಕಾರು ದಾಟಿಹೋಯಿತು, ಸ್ಕೂಟರ್ ನಿಂತಿತು.

"ಹೋಗಮ್ಮ, ಹೋಗು," ಎಂದ.

"ಕೆಂಪಿದೆ ಭಾವ."

ಅವರು ತಲುಪುವ ಹೊತ್ತಿಗೆ ಅವಳನ್ನು ಮಲಗಿಸಿ ಎರಡು ಕೈಗೂ ಸೂಜಿ ಚುಚ್ಚಿದ್ದರು. ಡಾಕ್ಟರಮ್ಮ ಹೊದಿಕೆ ಸರಿಸಿ ಕಾಲು ಒತ್ತಿ ನೋಡುತ್ತಿದ್ದರು. ಮೂರು ಕಡೆ ಒತ್ತಿದರು. ಜೇಬಿನಿಂದ ನೇರಳೆ ಬಣ್ಣದ ಪೆನ್ನು ತೆಗೆದು ತೊಡೆಯ ಮೇಲೆ, ಮಂಡಿಯಿಂದ ಒಂದು ಗೇಣು ಮೇಲೆ, ಅಡ್ಡ ಗೆರೆ ಹಾಕಿದರು.

ಟೈಲರ್ ಆ ಗೆರೆಯ ಕೆಳಗೆ ಬೆರಳಿಟ್ಟ. "ಡಾಕ್ಟರೇ, ಸ್ವಲ್ಪ ಕೆಳಗೆ ಹಿಡಿಯೋಕಾಗಲ್ವಾ? ನಾಲ್ಕು ಬೆರಳು. ಎರಡು ಬೆರಳಾದ್ರೂ."

"ಇಲ್ಲ."

"ಮಂಡಿ ಉಳಿಯುತ್ತೆ ಅಂದಿದ್ರಲ್ಲ."

"ಮಂಗಳವಾರ ಬಂದಿದ್ರೆ ಉಳೀತಿತ್ತು. ಬುಧವಾರ ಬಂದಿದ್ರೂ ಪ್ರಯತ್ನ ಮಾಡ್ತಿದ್ದೆ," ಎಂದರು ಡಾಕ್ಟರಮ್ಮ. ಬೈಯಲಿಲ್ಲ. ಹೊಸ ಒಪ್ಪಿಗೆ ಪತ್ರ ತರಲು ಹೇಳಿ ಕೈ ತೊಳೆಯಲು ಹೋದರು.

ಬುಧವಾರ ಅವನು ಕಪ್ಪು ದಾರ ಬಿಚ್ಚಿ ಕೆಂಪು ದಾರ ಹಾಕುತ್ತಿದ್ದ. ಮಂಚದ ಕಂಬಿ ಹಿಡಿದು ನಿಂತ. ಅವಳು ಕಣ್ಣು ತೆರೆದೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

"ನಿನಗೆ ಒಂದು ದಿನಾನೂ ಸಿಟ್ಟು ಬರ್ಲಿಲ್ವಾ?" ಎಂದು ಕೇಳಿದಳು. ಧ್ವನಿ ಕ್ಷೀಣವಾಗಿತ್ತು. "ಒಂದೊಂದು ಸಾಲು ಸೇರಿಸಿದಾಗ್ಲೂ ಕಾಯ್ದೆ ಕಣೋ. ಈಗ ಪಟ್ಟಿ ಹರಿದು ಹಾಕ್ತಾನೆ, ಈಗ ಬೈತಾನೆ, ಈಗ ಎತ್ತಾಕ್ಕೊಂಡು ಹೋಗ್ತಾನೆ ಅಂತ. ನನ್ನ ಕೈಲಿ ಆಗ್ತಿರ್ಲಿಲ್ಲ. ಬರ್ತೀನಿ ಅಂತ ನನ್ನ ಬಾಯಿಂದ ಬರ್ತಿರ್ಲಿಲ್ಲ. ನಿನ್ನ ಕೈಲಾದ್ರೂ ಆಗುತ್ತೇನೋ ಅಂತಿದ್ದೆ. ನೀನು ಹೂಂ ಅಂತಿದ್ದೆ."

"ನೀನು ಕೇಳಿದ್ದನ್ನ ಮಾಡ್ದೆ," ಎಂದ ಅವನು.

"ಅದೇ ಹೇಳ್ತಿರೋದು."

ಅವನೊಳಗೆ ಏನೋ ಕಿತ್ತುಕೊಂಡು ಬಂತು. "ಕೇಳಿದ್ದು ಯಾಕೆ? ಯಾಕೆ ಕೇಳಿದೆ?" ಎಂದು ಕೂಗಿದ. ಆ ಧ್ವನಿ ತನ್ನದೇ ಎಂದು ಅವನಿಗೆ ಗುರುತು ಸಿಗಲಿಲ್ಲ. "ಹುಚ್ಚಿ! ಸಾಯೋ ಕಾಲು ಇಟ್ಕೊಂಡು ಗಡಿಯಾರ ಬೇಕಾಗಿತ್ತಾ ನಿನಗೆ? ಸರಿಯಾಗಿದ್ದ ಫಲಕಾನ ಕೀಳ್ಸಿದೆ, ಗೊತ್ತಿತ್ತು ನನಗೆ, ಗೊತ್ತಿದ್ದೂ ಕಿತ್ತೆ! ನೀನು ಸತ್ತಿದ್ರೆ ಏನೇ ಮಾಡ್ಲಿ ನಾನು? ಆ ಡಬ್ಬಾನ ಹಿತ್ತಲಲ್ಲಿ ಇಟ್ಕೊಂಡು ಪೂಜೆ ಮಾಡ್ಲಾ? ನನಗೆ ನೀನು ಬೇಕು ಕಣೆ, ಕಾಲಿರ್ಲಿ ಬಿಡ್ಲಿ, ಬೈಕೊಂಡು ಬಿದ್ದಿರು, ನೀನು ಬೇಕು!"

ಪಕ್ಕದ ಮಂಚದವರು ಎದ್ದು ಕೂತರು. ಬಾಗಿಲಲ್ಲಿ ನರ್ಸೊಬ್ಬಳು ಕಾಣಿಸಿಕೊಂಡು, ನಾದಿನಿಯ ಮುಖ ನೋಡಿ ಅಲ್ಲೇ ನಿಂತಳು. ಅವನು ಇನ್ನೂ ಏನೇನೋ ಬೈದ. ಉಸಿರು ಕಟ್ಟಿ ನಿಲ್ಲಿಸುವವರೆಗೂ ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಅವಳ ಕೆನ್ನೆಯ ಮೇಲೆ ನೀರಿಳಿದು ಕಿವಿಯೊಳಗೆ ಹೋಗುತ್ತಿತ್ತು.

"ಇಷ್ಟನ್ನೇ ಮಂಗಳವಾರ ಬೈದಿದ್ರೆ..." ಎಂದಳು.

ಪತ್ರ ಬಂತು. ಎಡಗಾಲು ಎಂದು ಅಚ್ಚಾಗಿದ್ದ ಸಾಲಿನ ಪಕ್ಕ ಯಾರೋ ಕೈಬರಹದಲ್ಲಿ ಮಂಡಿಯ ಮೇಲ್ಭಾಗ ಎಂದು ಬರೆದಿದ್ದರು. ಅವಳು ಮಲಗಿದ್ದಲ್ಲೇ ಬರೆಯಬೇಕಿದ್ದರಿಂದ, ಪತ್ರ ಸಿಕ್ಕಿಸಿದ್ದ ಹಲಗೆಯನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ಪೆನ್ನನ್ನು ಅವನ ಕೈಗಿಟ್ಟಳು. ಕೆಳಗೆ ಗಂಡ ಅಥವಾ ಹತ್ತಿರದ ಬಂಧು ಎಂದು ಇನ್ನೊಂದು ಜಾಗ ಖಾಲಿ ಇತ್ತು, ಅಲ್ಲಿ ಅವನೂ ಹಾಕಬೇಕಿತ್ತು. ಹಾಕಿದ.